ನೆಲದಡಿಯ ಪಾಲು: ಕಾಡಿನಲ್ಲಿ ನೀರು ಮತ್ತು ಸಾರಕ್ಕಾಗಿ ನಡೆಯುವ ಪೈಪೋಟಿ

ಕಾಡಿನ ಮರಗಳು ಒಂದರೊಡನೊಂದು ಪೈಪೋಟಿ ನಡೆಸುತ್ತವೆ ಎಂದೊಡನೆ ಸಾಮಾನ್ಯವಾಗಿ ಮನಸ್ಸಿಗೆ ಬರುವುದು ಬೆಳಕಿಗಾಗಿ ನಡೆಯುವ ಪೈಪೋಟಿ. ಎತ್ತರದ ಮರದ ಕೆಳಗೆ ಸಸಿ ಸೊರಗುವುದು, ಮರವೊಂದು ಉರುಳಿ ನೆಲಕ್ಕೆ ಬಿಸಿಲು ಇಳಿದರೆ ಹತ್ತಾರು ಸಸಿಗಳು ಒಮ್ಮೆಗೇ ತಲೆಯೆತ್ತುವುದು ಎಲ್ಲರ ಕಣ್ಣಿಗೂ ಬೀಳುವ ಸಂಗತಿಗಳು. ಆದ್ದರಿಂದಲೇ ಹತ್ತೊಂಬತ್ತನೆಯ ಶತಮಾನದ ಅರಣ್ಯಶಾಸ್ತ್ರವು ಮರಗಳನ್ನು ಬೆಳಕು ಬೇಡುವವು, ನೆರಳು ತಾಳುವವು ಎಂದು ಎರಡು ಪಂಗಡ ಮಾಡಿ, ಸಸಿಗಳ ಅಳಿವು ಉಳಿವನ್ನು ಬಹುಮಟ್ಟಿಗೆ ಆ ವಿಂಗಡಣೆಯಿಂದಲೇ ವಿವರಿಸುತ್ತಿತ್ತು. ಈ ವಿವರಣೆಯನ್ನು 1904ರಲ್ಲಿ ಜರ್ಮನಿಯ ಅರಣ್ಯಶಾಸ್ತ್ರಜ್ಞ ಫ್ರಿಕೆ ಒಂದು ಸರಳ ಪ್ರಯೋಗದಿಂದ ಅಲುಗಾಡಿಸಿದನು. ದೊಡ್ಡ ಪೈನ್ ಮರಗಳ ನೆರಳಿನಲ್ಲಿ ಕುಂಠಿತವಾಗಿ ನಿಂತಿದ್ದ ಪೈನ್ ಸಸಿಗಳ ಸುತ್ತ ಅವನು ಕಿರಿದಾದ ಕಂದಕ ತೋಡಿ, ದೊಡ್ಡ ಮರಗಳಿಂದ ಅಲ್ಲಿಗೆ ಹಬ್ಬಿ ಬಂದಿದ್ದ ಬೇರುಗಳನ್ನು ಕಡಿದುಹಾಕಿದನು. ಮೇಲಿನ ಒಂದು ಕೊಂಬೆಯನ್ನೂ ಮುಟ್ಟಲಿಲ್ಲ. ನೆರಳು ಇದ್ದಷ್ಟೇ ಉಳಿದರೂ ಕಂದಕದೊಳಗಿನ ಸಸಿಗಳು ಚೇತರಿಸಿಕೊಂಡು ಬೆಳೆದವು, ಅಲ್ಲಿಯ ಮಣ್ಣಿನಲ್ಲಿ ಹೊರಗಿನ ಮಣ್ಣಿಗಿಂತ ಹೆಚ್ಚು ತೇವ ಉಳಿದಿತ್ತು. ಸಸಿಗಳನ್ನು ಅದುವರೆಗೆ ಹಿಂಡುತ್ತಿದ್ದುದು ಮೇಲಿನ ಕೊಂಬೆಗಳಿಗಿಂತ ಹೆಚ್ಚಾಗಿ ಕೆಳಗಿನ ಬೇರುಗಳೆಂಬುದು ಇದರಿಂದ ಸ್ಪಷ್ಟವಾಯಿತು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೇಮ್ಸ್ ಟೌಮಿ ನ್ಯೂ ಹ್ಯಾಂಪ್‌ಶೈರಿನ ಪೈನ್ ಕಾಡಿನಲ್ಲಿ 1920ರ ದಶಕದಲ್ಲಿ ಇದೇ ಬಗೆಯ ಕಂದಕದ ಪ್ರಯೋಗ ನಡೆಸಿದಾಗ, ಸುತ್ತಲಿನ ನೆಲ ಬರಿದಾಗಿದ್ದರೂ ಕಂದಕದೊಳಗಿನ ತುಂಡು ನೆಲ ಮಾತ್ರ ಕೆಲವೇ ವರ್ಷಗಳಲ್ಲಿ ಸಸಿಗಳಿಂದಲೂ ಗಿಡಗಳಿಂದಲೂ ದಟ್ಟವಾಯಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಡಿದ ಬೇರುಗಳು ಮಣ್ಣಿನೊಳಗೇ ಕೊಳೆತು ತಾವೇ ಗೊಬ್ಬರವಾಗುವುದರಿಂದ, ಇಂಥ ಪ್ರಯೋಗಗಳಲ್ಲಿ ಸಸಿಗೆ ದೊರೆತ ಲಾಭದಲ್ಲಿ ನೀರಿನ ಪಾಲೆಷ್ಟು, ಸಾರದ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಆದರೂ ಜಗತ್ತಿನ ಹಲವು ಕಾಡುಗಳಲ್ಲಿ ನಡೆದ ಕಂದಕದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ನಿಯಮ ಕಾಣುತ್ತದೆ: ತೇವವೂ ಫಲವತ್ತತೆಯೂ ಇರುವ ನೆಲದಲ್ಲಿ ಸಸಿಯ ಹಣೆಬರಹವನ್ನು ಬೆಳಕೇ ತೀರ್ಮಾನಿಸುತ್ತದೆ, ಒಣ ನೆಲದಲ್ಲಿ ಅಥವಾ ಸಾರಗೆಟ್ಟ ನೆಲದಲ್ಲಿ ಬೇರು ತೀರ್ಮಾನಿಸುತ್ತದೆ. ಕರ್ನಾಟಕದ ದಕ್ಷಿಣ ಅಂಚಿನಲ್ಲಿ ನಾಗರಹೊಳೆಯ ಪೂರ್ವ ಭಾಗದಿಂದ ಬಂಡೀಪುರ, ಅದಕ್ಕೆ ತಾಗಿದ ತಮಿಳುನಾಡಿನ ಮುದುಮಲೆ, ಬಿಳಿಗಿರಿರಂಗನ ಬೆಟ್ಟಗಳವರೆಗೆ ಹಬ್ಬಿರುವ ಎಲೆಯುದುರುವ ಕಾಡುಗಳು ಈ ಎರಡನೆಯ ಬಗೆಗೆ ಸೇರಿದವು. ಅಲ್ಲಿ ಡಿಸೆಂಬರಿನಿಂದ ಏಪ್ರಿಲಿನವರೆಗೆ ಮಳೆಯೆಂಬುದು ಅಪರೂಪ.

ನೀರಿಗಾಗಿ ಪೈಪೋಟಿಯೆಂದರೆ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಮರವು ನೀರನ್ನು ಬೇರಿನಿಂದ ಮೇಲಕ್ಕೆ ತಳ್ಳುವುದಕ್ಕಿಂತ ಹೆಚ್ಚಾಗಿ ಎಲೆಯಿಂದ ಮೇಲಕ್ಕೆ ಎಳೆದುಕೊಳ್ಳುತ್ತದೆ. ಎಲೆಯ ಮೇಲಿನ ಪತ್ರರಂಧ್ರಗಳೆಂಬ ಸೂಕ್ಷ್ಮ ಬಾಯಿಗಳ ಮೂಲಕ ನೀರು ಆವಿಯಾಗಿ ಹೋಗುವ ಕ್ರಿಯೆಗೆ ಬಾಷ್ಪವಿಸರ್ಜನೆ ಎಂದು ಹೆಸರು. ಹೀಗೆ ಹೊರಹೋದ ನೀರಿನ ಹಿಂದೆ, ಕಾಂಡದ ಸಣ್ಣ ನಾಳಗಳಲ್ಲಿ ಅಣುವಿಗೆ ಅಣು ಅಂಟಿಕೊಂಡು ನಿಂತ ನೀರಿನ ಎಳೆಯೇ ಮೇಲಕ್ಕೆ ಸರಿಯುತ್ತದೆ ಎಂಬ ವಿವರಣೆಯನ್ನು ಡಬ್ಲಿನ್ನಿನ ಡಿಕ್ಸನ್ ಮತ್ತು ಜಾಲಿ ಎಂಬ ವಿಜ್ಞಾನಿಗಳು 1894ರಲ್ಲಿ ಮುಂದಿಟ್ಟರು. ಮಣ್ಣು ಒಣಗುತ್ತ ಹೋದಂತೆ ಉಳಿದ ನೀರು ಮಣ್ಣಿನ ಕಣಗಳಿಗೆ ಹೆಚ್ಚು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದರಿಂದ ಅದನ್ನು ಬಿಡಿಸಲು ಹೆಚ್ಚು ಸೆಳೆತ ಬೇಕಾಗುತ್ತದೆ. ಒಂದೇ ಮಣ್ಣಿನಲ್ಲಿ ಬೇರು ಬಿಟ್ಟ ಎರಡು ಮರಗಳಲ್ಲಿ ಹೆಚ್ಚು ಸೆಳೆತವನ್ನು ತಾಳಬಲ್ಲ ಮರವೇ ಕೊನೆಯ ಹನಿಯನ್ನು ಪಡೆಯುತ್ತದೆ. ಆದರೆ ಸೆಳೆತ ಮಿತಿಮೀರಿದರೆ ನಾಳದೊಳಗಿನ ನೀರಿನ ಎಳೆ ತುಂಡಾಗಿ ಗಾಳಿಯ ಗುಳ್ಳೆ ತುಂಬಿಕೊಳ್ಳುತ್ತದೆ, ಆ ನಾಳ ಕೆಲಸಕ್ಕೆ ಬಾರದಂತಾಗುತ್ತದೆ, ಸಾಕಷ್ಟು ನಾಳಗಳು ಹೀಗಾದರೆ ಕೊಂಬೆ ಒಣಗುತ್ತದೆ. ಬಾಯಾರಿದ ಮರದ ಮುಂದಿರುವ ಕಷ್ಟ ಇದು: ಪತ್ರರಂಧ್ರಗಳನ್ನು ಮುಚ್ಚಿದರೆ ನೀರು ಉಳಿಯುತ್ತದೆ, ಆದರೆ ಗಾಳಿಯಿಂದ ಇಂಗಾಲ ಪಡೆಯುವ ದಾರಿಯೂ ಮುಚ್ಚುತ್ತದೆ, ತೆರೆದಿಟ್ಟರೆ ಆಹಾರ ತಯಾರಾಗುತ್ತದೆ, ಆದರೆ ನಾಳಗಳು ಕೆಡುವ ಅಪಾಯ ಹೆಚ್ಚುತ್ತದೆ.

ತೇಗ, ಮತ್ತಿ, ನಂದಿ, ದಿಂಡಿಗ ಮೊದಲಾದ ಮರಗಳು ಮೂರನೆಯ ದಾರಿ ಹಿಡಿದಿವೆ. ಅವು ಬೇಸಿಗೆಯಲ್ಲಿ ಎಲೆಗಳನ್ನೇ ಉದುರಿಸುತ್ತವೆ, ಉದುರಿಸುವ ಮುನ್ನ ಎಲೆಯಲ್ಲಿದ್ದ ಸಾರಜನಕ ಮತ್ತು ರಂಜಕದ ಸುಮಾರು ಅರ್ಧದಷ್ಟನ್ನು ಕಾಂಡಕ್ಕೆ ಹಿಂದಕ್ಕೆಳೆದುಕೊಳ್ಳುತ್ತವೆ. ಇನ್ನೂ ಸೋಜಿಗದ ಸಂಗತಿಯೆಂದರೆ, ಮುದುಮಲೆಯ ಕಾಡಿನಲ್ಲಿ ಹಲವು ಮರಗಳು ಮಳೆಗಾಲ ಬರುವವರೆಗೆ ಕಾಯದೆ, ನೆಲ ಸುಡುತ್ತಿರುವಾಗಲೇ ಚಿಗುರುತ್ತವೆ. ಮಳೆಯ ಜತೆಗೆ ಎಲೆ ತಿನ್ನುವ ಹುಳುಗಳ ಸಂಖ್ಯೆ ಏರುವುದರಿಂದ, ಅದಕ್ಕೂ ಮುಂಚೆ ಎಲೆ ಬಲಿತರೆ ಹಾನಿ ಕಡಿಮೆಯೆಂದು ಅಲ್ಲಿಯ ಅಧ್ಯಯನ ತೋರಿಸಿದೆ. ಮೇಲ್ಮಣ್ಣಿನಲ್ಲಿ ಹನಿ ತೇವವಿಲ್ಲದ ಏಪ್ರಿಲಿನಲ್ಲಿ ಚಿಗುರಿಗೆ ಬೇಕಾದ ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉತ್ತರದ ಒಂದು ಭಾಗ ಕಾಂಡದಲ್ಲಿ ಕೂಡಿಟ್ಟ ನೀರು, ಇನ್ನೊಂದು ಭಾಗ ಆಳದ ನೆಲ.

ಆಳದ ಮಾತು ಬಂದಾಗ ಜರ್ಮನ್ ಸಸ್ಯಶಾಸ್ತ್ರಜ್ಞ ಹೈನ್ರಿಕ್ ವಾಲ್ಟರನನ್ನು ನೆನೆಯಬೇಕು. ಹುಲ್ಲು ಮತ್ತು ಮರ ಒಂದೇ ನೆಲದಲ್ಲಿ ಜತೆಯಾಗಿ ಬಾಳುವುದು ಹೇಗೆಂಬ ಪ್ರಶ್ನೆಗೆ ಆಫ್ರಿಕದ ಸವನ್ನಾಗಳನ್ನು ನೋಡಿ ಅವನು 1939ರಲ್ಲಿ ಕೊಟ್ಟ ಉತ್ತರವೆಂದರೆ, ಹುಲ್ಲಿನ ದಟ್ಟವಾದ ಬೇರುಗಳು ಮೇಲ್ಮಣ್ಣಿನ ನೀರನ್ನು ಮೊದಲು ಹಿಡಿದುಕೊಳ್ಳುತ್ತವೆ, ಅವುಗಳಿಂದ ತಪ್ಪಿಸಿಕೊಂಡು ಕೆಳಕ್ಕಿಳಿದ ನೀರು ಮರಗಳ ಪಾಲಾಗುತ್ತದೆ. ಈ ಚಿತ್ರ ತೀರ ಸರಳವೆಂಬುದು ಮುಂದೆ ತಿಳಿದುಬಂದಿತು. ಮರದ ಸಸಿಗೆ ಆಳದ ಬೇರಿರುವುದಿಲ್ಲ, ಅದು ತನ್ನ ಮೊದಲ ವರ್ಷಗಳನ್ನು ಹುಲ್ಲಿನ ಬೇರುಗಳ ನಡುವೆಯೇ ಕಳೆಯಬೇಕು, ಅಲ್ಲಿ ಬಹುಪಾಲು ಸಸಿಗಳು ಸಾಯುತ್ತವೆ. ಬಂಡೀಪುರದಲ್ಲಿ ಹುಲ್ಲಿನ ಜಾಗವನ್ನು ಇಂದು ಬಹುಮಟ್ಟಿಗೆ ಲಂಟಾನದ ಪೊದೆ ಹಿಡಿದಿದೆ. ಅದು ಬೆಳಕನ್ನೂ ಮೇಲ್ಮಣ್ಣನ್ನೂ ಒಟ್ಟಿಗೇ ಆಕ್ರಮಿಸುವುದರಿಂದ ಸಸಿಯ ಪಾಲಿಗೆ ಹುಲ್ಲಿಗಿಂತ ಕಠಿಣ. ಕಾಡಿನ ತರಗಿಗೆ ವರ್ಷಾರಂಭದಲ್ಲೇ ಹಗುರವಾಗಿ ಹಚ್ಚುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತೆಂದು ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುತ್ತ ಬಂದಿದ್ದಾರೆ; ಆ ಮಾತಿಗೆ ಅರಣ್ಯ ನಿರ್ವಹಣೆಯಲ್ಲಿ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ.

ಬೇರುಗಳು ಆಳವನ್ನು ಹೇಗೆ ಹಂಚಿಕೊಳ್ಳುತ್ತವೆ ಎಂಬುದಕ್ಕೆ ಅತ್ಯಂತ ಬೆಲೆಯುಳ್ಳ ಸಾಕ್ಷ್ಯ ದೊರೆತಿರುವುದು ಕನ್ನಡ ನಾಡಿನ ಗಡಿಯಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1988ರಲ್ಲಿ ಮುದುಮಲೆಯ ಕಾಡಿನಲ್ಲಿ 50 ಹೆಕ್ಟೇರ್ ವಿಸ್ತಾರದ ಒಂದು ಕ್ಷೇತ್ರವನ್ನು ಗುರುತಿಸಿ, ಅದರೊಳಗೆ ಒಂದು ಸೆಂಟಿಮೀಟರಿಗಿಂತ ದಪ್ಪನೆಯ ಕಾಂಡವುಳ್ಳ ಪ್ರತಿಯೊಂದು ಗಿಡಮರಕ್ಕೂ ಸಂಖ್ಯೆ ಕೊಟ್ಟು, ಯಾವುದು ಎಷ್ಟು ಬೆಳೆಯಿತು, ಯಾವುದು ಯಾವಾಗ ಸತ್ತಿತು ಎಂಬುದನ್ನು ದಶಕಗಳಿಂದ ದಾಖಲಿಸುತ್ತ ಬಂದಿದೆ. ಅಲ್ಲಿಗೆ ಹತ್ತಿರದಲ್ಲೇ, ಬಂಡೀಪುರದ ಮೂಲೆಹೊಳೆಯ ಸುಮಾರು 4 ಚದರ ಕಿಲೋಮೀಟರಿನ ಜಲಾನಯನದಲ್ಲಿ ಅದೇ ಸಂಸ್ಥೆಯ ವಿಜ್ಞಾನಿಗಳು ಫ್ರಾನ್ಸಿನ ವಿಜ್ಞಾನಿಗಳೊಡನೆ ಸೇರಿ ಮಳೆ, ಹರಿವು, ಮಣ್ಣಿನ ತೇವ, ಅಂತರ್ಜಲಗಳನ್ನು ಅಳೆದಿದ್ದಾರೆ. ಅಲ್ಲಿ ವರ್ಷಕ್ಕೆ ಸರಾಸರಿ 1,100 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಅದರ ಬಹುಪಾಲನ್ನು ಕಾಡೇ ಆವಿಯಾಗಿಸಿ ಗಾಳಿಗೆ ಮರಳಿಸುತ್ತದೆ, ಅಂತರ್ಜಲಕ್ಕೆ ಇಳಿಯುವುದು ಅಲ್ಪ. ಮರಗಳ ಬೇರುಗಳು ಮಣ್ಣಿನ ಪದರವನ್ನು ದಾಟಿ, ಅದರ ಕೆಳಗಿನ ಶಿಥಿಲ ಶಿಲೆಯ ಪದರದಲ್ಲಿ, ಅಂದರೆ ಬಂಡೆ ಕೊಳೆತು ಪುಡಿಯಾಗುತ್ತಿರುವ ಭಾಗದಲ್ಲಿ ನಿಂತ ನೀರನ್ನೂ ಬಳಸುತ್ತವೆಂಬುದು ಈ ಲೆಕ್ಕದಿಂದ ತಿಳಿಯಿತು.

ಈ ಎರಡು ದಾಖಲೆಗಳನ್ನು ಜೋಡಿಸಿ, 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಮುದುಮಲೆಯ ಮುಖ್ಯ ಮರಗಳು ಯಾವ ಆಳದ ನೀರನ್ನು ನೆಚ್ಚಿವೆ ಎಂಬುದನ್ನು ಅವುಗಳ ಬೆಳವಣಿಗೆಯ ಏರಿಳಿತದಿಂದಲೇ ಊಹಿಸಿತು. ಮೇಲಿನ ಪದರದ ನೀರು ಪ್ರತಿ ಮಳೆಗೂ ತುಂಬಿ, ಪ್ರತಿ ಬಿಸಿಲಿಗೂ ಬರಿದಾಗುತ್ತದೆ. ಅದನ್ನು ನೆಚ್ಚಿದ ಮರಗಳು ಮೇಲಿಂದ ಮೇಲೆ ಬಾಯಾರುತ್ತವೆ, ಆದರೆ ಒಂದು ಒಳ್ಳೆಯ ಮಳೆಗೆ ಚೇತರಿಸಿಕೊಳ್ಳುತ್ತವೆ. ಆಳದ ನೀರನ್ನು ನೆಚ್ಚಿದ ಮರಗಳಿಗೆ ಸಾಮಾನ್ಯ ಬೇಸಿಗೆ ತಟ್ಟುವುದೇ ಇಲ್ಲ. ಆದರೆ ಆಳದ ಸಂಗ್ರಹ ತುಂಬುವುದು ಮೇಲಿನ ಪದರಗಳು ತಣಿದು ಮಿಕ್ಕ ನೀರಿನಿಂದ, ಅಂದರೆ ಭಾರಿ ಮಳೆಯ ವರ್ಷಗಳಲ್ಲಿ ಮಾತ್ರ. ಈ ಶತಮಾನದ ಆರಂಭದಲ್ಲಿ ಮಳೆ ಒಂದರ ಹಿಂದೊಂದು ವರ್ಷ ಕೈಕೊಟ್ಟಾಗ ಆ ಸಂಗ್ರಹ ಕರಗಿತು, ಅದುವರೆಗೆ ಗಟ್ಟಿಯೆಂದು ತೋರುತ್ತಿದ್ದ ಆಳಬೇರಿನ ಮರಗಳೇ ಹೆಚ್ಚಾಗಿ ಸತ್ತವು. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ತೆರೆದ ಬಾವಿಯನ್ನು ಬಿಟ್ಟು ಕೊಳವೆಬಾವಿಯನ್ನು ನೆಚ್ಚಿದ ರೈತನಿಗೆ ಬಂದೊದಗಿದ ಗತಿಯೇ ಆ ಮರಗಳಿಗೂ ಒದಗಿತು. ಮರದ ಸಾವಿಗೆ ಕಾರಣ ಅದು ಸತ್ತ ವರ್ಷದ ಮಳೆಯಲ್ಲಷ್ಟೇ ಇರದೆ, ಹಿಂದಿನ ಹಲವು ವರ್ಷಗಳ ಮಳೆಯಲ್ಲಿರಬಹುದು ಎಂಬ ಈ ತಿಳಿವಳಿಕೆ ಕಾಡನ್ನು ಓದುವ ಕ್ರಮವನ್ನೇ ಬದಲಿಸುವಷ್ಟು ಮುಖ್ಯವಾದುದು.

ಆಳದ ಬೇರು ನೆರೆಯ ಗಿಡಕ್ಕೆ ಯಾವಾಗಲೂ ಶತ್ರುವೇನಲ್ಲ. ಹಗಲೆಲ್ಲ ಎಲೆಗಳ ಕಡೆಗೆ ಹರಿಯುವ ನೀರು, ರಾತ್ರಿ ಪತ್ರರಂಧ್ರಗಳು ಮುಚ್ಚಿದ ಮೇಲೆ, ಆಳದ ತೇವದಿಂದ ಬೇರುಗಳ ಮೂಲಕ ಮೇಲೇರಿ ಒಣಗಿದ ಮೇಲ್ಮಣ್ಣಿಗೆ ಸೋರುತ್ತದೆ. ಇದಕ್ಕೆ ಜಲೋನ್ನಯನ ಎನ್ನಬಹುದು. ಅಮೆರಿಕದ ಒಣನಾಡಿನ ಪೊದೆಯೊಂದರಲ್ಲಿ 1980ರ ದಶಕದಲ್ಲಿ ಸ್ಪಷ್ಟವಾಗಿ ಕಂಡುಬಂದ ಈ ಕ್ರಿಯೆಯನ್ನು ಟಾಡ್ ಡಾಸನ್ ಎಂಬ ವಿಜ್ಞಾನಿ ಮೇಪಲ್ ಮರದಲ್ಲಿ ಅಳೆದು 1993ರಲ್ಲಿ ವರದಿ ಮಾಡಿದಾಗ, ಮರದ ಸುತ್ತಲಿನ ಸಣ್ಣ ಗಿಡಗಳು ಬಳಸಿದ ನೀರಿನಲ್ಲಿ ನೂರಕ್ಕೆ 3ರಿಂದ 60ರವರೆಗಿನ ಪಾಲು ಹೀಗೆ ಮರವೇ ಎತ್ತಿ ತಂದದ್ದಾಗಿತ್ತು. ಆ ಗಿಡಗಳು ಮರಕ್ಕೆ ಏನನ್ನೂ ಕೊಡಲಿಲ್ಲ, ಮರವೂ ಅವುಗಳಿಗೆಂದು ನೀರೆತ್ತಲಿಲ್ಲ; ಭೌತನಿಯಮದಂತೆ ತೇವವಿದ್ದ ಕಡೆಯಿಂದ ಇಲ್ಲದ ಕಡೆಗೆ ನೀರು ಹರಿಯಿತು, ಹತ್ತಿರವಿದ್ದವು ಪಡೆದುಕೊಂಡವು.

ಸಾರದ ವಿಷಯ ನೀರಿಗಿಂತ ಜಟಿಲ. ಸಾರಜನಕದ ನೈಟ್ರೇಟ್ ರೂಪ ನೀರಿನೊಡನೆ ಹರಿದು ಬೇರಿನ ಬಳಿಗೆ ತಾನಾಗಿ ಬರುತ್ತದೆ, ರಂಜಕವಾದರೋ ಮಣ್ಣಿನಲ್ಲಿ ಕದಲುವುದೇ ಕಷ್ಟ. ಪಶ್ಚಿಮಘಟ್ಟದ ಜಂಬಿಟ್ಟಿಗೆಯ ಕೆಂಪು ನೆಲದಲ್ಲಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಅದನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕುತ್ತವೆ. ಹೀಗಾಗಿ ರಂಜಕ ಬೇಕಾದ ಬೇರು ಅದಿರುವಲ್ಲಿಗೆ ತಾನೇ ಹೋಗಬೇಕು. ಬೇರಿಗೆ ಇದು ದುಬಾರಿಯ ಕೆಲಸವಾದ್ದರಿಂದ ಬಹುಪಾಲು ಮರಗಳು ಶಿಲೀಂಧ್ರಗಳ ಜತೆ ಕೂಡಿಕೆ ಮಾಡಿಕೊಂಡಿವೆ. 1885ರಲ್ಲಿ ಆಲ್ಬರ್ಟ್ ಫ್ರಾಂಕ್ ಎಂಬ ಜರ್ಮನ್ ವಿಜ್ಞಾನಿ ಮೈಕೊರೈಜ ಎಂದು ಹೆಸರಿಟ್ಟ ಈ ಕೂಡಿಕೆಯನ್ನು ಕನ್ನಡದಲ್ಲಿ ಶಿಲೀಂಧ್ರಬೇರು ಎನ್ನಬಹುದು: ಬೇರಿಗಿಂತ ಎಷ್ಟೋ ಪಟ್ಟು ಸಣ್ಣದಾದ ಶಿಲೀಂಧ್ರದ ಎಳೆಗಳು ಮಣ್ಣಿನ ಸಂದುಗಳಲ್ಲಿ ನುಗ್ಗಿ ರಂಜಕವನ್ನು ತಂದುಕೊಡುತ್ತವೆ, ಮರ ತಾನು ತಯಾರಿಸಿದ ಸಕ್ಕರೆಯಲ್ಲಿ ಗಣನೀಯವಾದ ಪಾಲನ್ನು ಅವುಗಳಿಗೆ ಕೊಡುತ್ತದೆ. ಈ ಎಳೆಗಳ ಮೂಲಕ ಒಂದು ಮರದಿಂದ ಇನ್ನೊಂದಕ್ಕೆ ಇಂಗಾಲ ಸಾಗುತ್ತದೆಂದು ಕೆನಡದ ಸುಜಾನ್ ಸಿಮರ್ಡ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಬಳಿಕ, ತಾಯಿಮರ ತನ್ನ ಸಸಿಗಳಿಗೆ ಉಣಿಸುತ್ತದೆ, ಕಾಡು ಒಂದು ಕುಟುಂಬ ಎಂಬಂಥ ಮಾತುಗಳು ಜನಪ್ರಿಯವಾದವು. 2023ರಲ್ಲಿ ಈ ಕ್ಷೇತ್ರದಲ್ಲೇ ದುಡಿದ ಮೂವರು ವಿಜ್ಞಾನಿಗಳು ಸಾಕ್ಷ್ಯಗಳನ್ನೆಲ್ಲ ಪರಿಶೀಲಿಸಿ, ಅಂಥ ಮಾತುಗಳಿಗೆ ಕಾಡಿನೊಳಗಿನ ಪ್ರಯೋಗಗಳ ಬೆಂಬಲ ತೀರ ತೆಳುವಾದುದೆಂದು ತೋರಿಸಿದರು. ಕಾಡಿನ ಮೇಲಿನ ಪ್ರೀತಿಗೆ ಇಂಥ ಕಥೆಯ ಆಸರೆ ಬೇಕಾಗಿಲ್ಲ. ಶಿಲೀಂಧ್ರವೂ ತನ್ನ ಬಾಳು ತಾನು ಬಾಳುವ ಜೀವಿ, ಅದಕ್ಕೂ ತನ್ನದೇ ಹಸಿವಿದೆ.

ಆ ಹಸಿವಿಗೆ ಒಂದು ಸ್ಪಷ್ಟ ನಿದರ್ಶನ ನ್ಯೂಜಿಲೆಂಡಿನಿಂದ ಬಂದಿತು. ರುತ್ ಗಾಡ್ಗಿಲ್ ಮತ್ತು ಪಿ. ಡಿ. ಗಾಡ್ಗಿಲ್ ಅಲ್ಲಿಯ ಪೈನ್ ನೆಡುತೋಪಿನಲ್ಲಿ ಬೇರುಗಳನ್ನೂ ಅವುಗಳಿಗೆ ಅಂಟಿದ ಶಿಲೀಂಧ್ರಗಳನ್ನೂ ತಡೆಗಟ್ಟಿದ ಜಾಗದಲ್ಲಿ ತರಗು ಬೇಗ ಕೊಳೆಯಿತೆಂದು 1971ರಲ್ಲಿ ವರದಿ ಮಾಡಿದರು. ಮರದಿಂದ ಸಕ್ಕರೆ ಪಡೆಯುವ ಶಿಲೀಂಧ್ರಗಳು ತರಗಿನೊಳಗಿನ ಸಾರಜನಕವನ್ನು ಮುಂಚೆಯೇ ಹೀರಿ, ತರಗನ್ನು ಕೊಳೆಸಿ ಬದುಕುವ ಬೇರೆ ಶಿಲೀಂಧ್ರಗಳ ಕೆಲಸವನ್ನು ನಿಧಾನಗೊಳಿಸುತ್ತವೆ ಎಂಬುದು ಇದಕ್ಕೆ ಅವರು ಕೊಟ್ಟ ವಿವರಣೆ. ಎಲ್ಲ ಕಾಡುಗಳಲ್ಲೂ ಹೀಗೆಯೇ ಆಗುವುದಿಲ್ಲವೆಂಬುದು ಈಗ ತಿಳಿದಿದೆ. ನಮ್ಮ ಒಣಕಾಡುಗಳಲ್ಲಿ ತರಗಿಗಾಗಿ ಗೆದ್ದಲೂ ಪಾಲುದಾರನಾಗಿ ಬರುತ್ತದೆ. ಅದು ತರಗನ್ನು ಹುತ್ತದೊಳಕ್ಕೆ ಹೊತ್ತು, ಅಲ್ಲಿ ತಾನೇ ಸಾಕಿದ ಅಣಬೆಗೆ ಉಣಿಸುತ್ತದೆ.

ಮಣ್ಣಿನ ಸೂಕ್ಷ್ಮಜೀವಿಗಳು ಬೇರಿನ ಪ್ರತಿಸ್ಪರ್ಧಿಗಳೋ, ಉಗ್ರಾಣವೋ ಎಂಬ ಪ್ರಶ್ನೆಗೆ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಜೆ. ಎಸ್. ಸಿಂಗ್ ಮತ್ತು ಸಂಗಡಿಗರು ವಿಂಧ್ಯದ ಒಣಕಾಡಿನಲ್ಲಿ ನಡೆಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ತೃಪ್ತಿಕರವಾದ ಉತ್ತರ ಕೊಟ್ಟಿತು. ಮಣ್ಣಿನ ಸೂಕ್ಷ್ಮಜೀವಿಗಳ ಒಟ್ಟು ರಾಶಿ ಮಳೆಗಾಲದಲ್ಲಿ ಹೆಚ್ಚಾಗಿರುತ್ತದೆಂದು ಯಾರಾದರೂ ಎಣಿಸಬಹುದು, ಆದರೆ ಅಲ್ಲಿ ಅದು ಬೇಸಿಗೆಯಲ್ಲಿ ಗರಿಷ್ಠವಾಗಿಯೂ ಮಳೆಗಾಲದಲ್ಲಿ ಕನಿಷ್ಠವಾಗಿಯೂ ಇತ್ತು. ಗಿಡಗಳು ಬೆಳೆಯದ ಬೇಸಿಗೆಯಲ್ಲಿ ಈ ಜೀವಿಗಳು ಸಾರಜನಕ, ರಂಜಕಗಳನ್ನು ತಮ್ಮ ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತವೆ. ಮಳೆ ಬಿದ್ದು ಬೇರುಗಳು ಚಿಗುರುವ ಹೊತ್ತಿಗೆ ಅವು ಸತ್ತು ಆ ಸಾರ ಮಣ್ಣಿಗೆ ಬಿಡುಗಡೆಯಾಗುತ್ತದೆ. ಹಿಡಿದಿಡುವವು ಇಲ್ಲದಿದ್ದರೆ ಮುಂಗಾರಿನ ಮೊದಲ ಭಾರಿ ಮಳೆಯಲ್ಲೇ ಸಾರದ ದೊಡ್ಡ ಪಾಲು ಹೊಳೆಗೆ ಕೊಚ್ಚಿಹೋಗುತ್ತಿತ್ತು.

ತಾನೇ ದುಡಿದು ಪಡೆಯುವ ಬದಲು ನೆರೆಯ ಬೇರಿನಿಂದಲೇ ಪಡೆಯುವ ಮರವೊಂದು ಕನ್ನಡಿಗರಿಗೆ ಅತ್ಯಂತ ಪ್ರಿಯವಾದದ್ದು: ಶ್ರೀಗಂಧ. ಅದು ಬೇರೆ ಮರಗಳ ಬೇರುಗಳಿಗೆ ಅಂಟಿ ಬಾಳುತ್ತದೆಂಬುದನ್ನು ಕಲ್ಕತ್ತೆಯ ಸಸ್ಯೋದ್ಯಾನದ ಜಾನ್ ಸ್ಕಾಟ್ 1871ರಲ್ಲಿ ತಿಳಿಸಿದನು, ಮದರಾಸು ಪ್ರಾಂತದ ಸಸ್ಯಶಾಸ್ತ್ರಜ್ಞ ಬಾರ್ಬರ್ 1906–07ರಲ್ಲಿ ಅದರ ರಚನೆಯನ್ನು ವಿವರವಾಗಿ ಬರೆದನು. ಗಂಧದ ಸಣ್ಣ ಬೇರು ನೆರೆಯ ಬೇರನ್ನು ಮುಟ್ಟಿದಲ್ಲಿ ಗಂಟಿನಂಥ ಅಂಗವೊಂದು ಮೂಡುತ್ತದೆ. ಹೀರುಬೇರು ಎನ್ನಬಹುದಾದ ಆ ಅಂಗ ನೆರೆಯ ಬೇರಿನ ತೊಗಟೆಯನ್ನು ಸೀಳಿ ಒಳಗಿನ ನೀರಿನ ನಾಳಗಳಿಗೆ ಕೂಡಿಕೊಳ್ಳುತ್ತದೆ. ಗಂಧದ ಎಲೆ ಹಸಿರಾಗಿದ್ದು ಸಕ್ಕರೆಯನ್ನು ತಾನೇ ತಯಾರಿಸಬಲ್ಲುದಾದ್ದರಿಂದ ಅದನ್ನು ಅರೆಪರಾವಲಂಬಿ ಎನ್ನುತ್ತಾರೆ. ಅದು ಕಸಿದುಕೊಳ್ಳುವುದು ಮುಖ್ಯವಾಗಿ ನೀರು ಮತ್ತು ಅದರಲ್ಲಿ ಕರಗಿದ ಸಾರ. ಮಾವಿನ ಕೊಂಬೆಯ ಮೇಲೆ ಕಾಣುವ ಬಂದಳಿಕೆಯೂ ಇದೇ ಜಾತಿಯ ಬಾಳು ಬಾಳುತ್ತದೆ, ಆದರೆ ಅದು ಕೊಂಬೆಗೆ ಅಂಟುತ್ತದೆ, ಗಂಧ ಬೇರಿಗೆ. ಆಸರೆಯ ಗಿಡ ದ್ವಿದಳ ಧಾನ್ಯದ ಕುಲಕ್ಕೆ ಸೇರಿ ಬೇರುಗಂಟುಗಳಲ್ಲಿ ಸಾರಜನಕ ಕೂಡಿಸುವಂಥದಾದರೆ ಗಂಧ ಚೆನ್ನಾಗಿ ಬೆಳೆಯುತ್ತದೆ. ಸಸಿಮಡಿಯಲ್ಲಿ ಗಂಧದ ಸಸಿಯ ಜತೆಗೆ ತೊಗರಿಯನ್ನು ಬೆಳೆಸುವುದು ಇದೇ ಕಾರಣದಿಂದ. ಗಂಧವನ್ನು ಒಂಟಿಯಾಗಿ ನೆಟ್ಟು ನೀರೆರೆದು ಕಾಯುವವರು ನಿರಾಶರಾಗುತ್ತಾರೆ. ಅದಕ್ಕೆ ನೆರೆ ಬೇಕು, ಆ ನೆರೆಗೆ ಸಾಕಷ್ಟು ನೀರೂ ಬೇಕು.

ಇಷ್ಟೆಲ್ಲ ತಿಳಿದ ಮೇಲೆ ಕರ್ನಾಟಕದ ನೀಲಗಿರಿ ತೋಪುಗಳ ಬಗ್ಗೆ ಒಂದು ಮಾತು ಹೇಳದಿರುವುದು ಸರಿಯಾಗದು. ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆ ಕರ್ನಾಟಕದ ಅರಣ್ಯ ಇಲಾಖೆಯೊಡನೆ ಕೂಡಿ ನಡೆಸಿದ ಅಧ್ಯಯನದಲ್ಲಿ, ಹೊಸಕೋಟೆಯ ಬಳಿ ಎಂಟು ಮೀಟರಿಗೂ ಆಳವಾದ ಮಣ್ಣಿನಲ್ಲಿ ನಿಂತ ಎಳೆಯ ನೀಲಗಿರಿ ತೋಪು ಮೂರು ಒಣ ವರ್ಷಗಳಲ್ಲಿ ಬಿದ್ದ ಸುಮಾರು 2,100 ಮಿಲಿಮೀಟರ್ ಮಳೆಗೆ ಪ್ರತಿಯಾಗಿ ಸುಮಾರು 3,400 ಮಿಲಿಮೀಟರ್ ನೀರನ್ನು ಬಳಸಿತು. ಹೆಚ್ಚಿನದನ್ನು ಅದರ ಬೇರುಗಳು ಪ್ರತಿ ವರ್ಷ ಹೊಸ ಆಳಕ್ಕಿಳಿದು, ಹಿಂದೆಂದೋ ಇಂಗಿ ನಿಂತ ನೀರಿನಿಂದ ತೆಗೆದುಕೊಂಡವು. ಮಣ್ಣಿನ ಆಳ ಕಡಿಮೆಯಿದ್ದ ಶಿವಮೊಗ್ಗದ ಕಡೆಯ ತೋಪಿನಲ್ಲಾದರೋ ಅದೇ ಮರ ಬಳಸಿದ ನೀರು ಅಲ್ಲಿಯ ಸ್ವಾಭಾವಿಕ ಎಲೆಯುದುರುವ ಕಾಡು ಬಳಸಿದಷ್ಟೇ ಇತ್ತು. 2017ರಲ್ಲಿ ರಾಜ್ಯ ಸರ್ಕಾರ ಹೊಸ ನೀಲಗಿರಿ ತೋಪುಗಳನ್ನು ನಿಷೇಧಿಸಿದ್ದು ಬಯಲುಸೀಮೆಯ ಮಟ್ಟಿಗೆ ಸರಿಯಾದ ನಿರ್ಧಾರ, ಆದರೆ ಮರದ ಹೆಸರನ್ನು ಬದಲಿಸಿದ ಮಾತ್ರಕ್ಕೆ ನೆಲದಡಿಯ ಲೆಕ್ಕ ಸರಿಹೋಗುವುದಿಲ್ಲ. ಆಳಕ್ಕೆ ಬೇರಿಳಿಸಿ ವರ್ಷವಿಡೀ ಹಸಿರಾಗಿರುವ ಯಾವ ಮರವನ್ನು ಒತ್ತೊತ್ತಾಗಿ ನೆಟ್ಟರೂ ಫಲ ಹೆಚ್ಚು ಬೇರೆಯಾಗದು.

ಪ್ರತಿ ವರ್ಷ ಜುಲೈ ತಿಂಗಳಲ್ಲಿ ವನಮಹೋತ್ಸವದ ಹೆಸರಿನಲ್ಲಿ ಲಕ್ಷಾಂತರ ಸಸಿಗಳನ್ನು ನೆಡಲಾಗುತ್ತದೆ, ಯಶಸ್ಸನ್ನು ನೆಟ್ಟ ಸಸಿಗಳ ಸಂಖ್ಯೆಯಿಂದ ಅಳೆಯಲಾಗುತ್ತದೆ. ಈ ಕಾರ್ಯಕ್ಕೆ ಕೈಹಾಕುವ ಶಾಲೆಗಳು, ಪಂಚಾಯಿತಿಗಳು, ಇಲಾಖೆಯವರು ಗುಂಡಿ ತೋಡುವ ಮುನ್ನ ಆ ನೆಲದ ಮಣ್ಣು ಎಷ್ಟು ಆಳವಿದೆ, ಅದನ್ನು ತುಂಬುವಷ್ಟು ಮಳೆ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ, ಆಗಲೇ ಅಲ್ಲಿ ಬೇರು ಬಿಟ್ಟಿರುವ ಮರಗಳೂ ಹುಲ್ಲೂ ಯಾವುವು ಎಂಬುದನ್ನು ವಿಚಾರಿಸಿಕೊಳ್ಳಬೇಕು, ಸಸಿಗಳ ನಡುವಣ ಅಂತರವನ್ನು ಆ ಉತ್ತರಕ್ಕೆ ತಕ್ಕಂತೆ ನಿಗದಿಮಾಡಬೇಕು.